ಗೆರೆ ಅಲ್ಲೇ ಉಳಿಯಿತು: ಇರಾನ್–ಇರಾಕ್ ಯುದ್ಧದ ಲೆಕ್ಕ

1980ರ ಸೆಪ್ಟೆಂಬರ್ 22ರ ಮಧ್ಯಾಹ್ನ ಇರಾಕಿನ ಯುದ್ಧವಿಮಾನಗಳು ಇರಾನಿನ ವಾಯುನೆಲೆಗಳ ಮೇಲೆ ಬಾಂಬ್ ಸುರಿದವು. ಕದನವಿರಾಮ ಬಂದದ್ದು 1988ರ ಆಗಸ್ಟ್ 20ಕ್ಕೆ. ಸತ್ತವರೆಷ್ಟು ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು. ಎರಡೂ ಕಡೆ ಸೇರಿ ಸುಮಾರು ಐದು ಲಕ್ಷ ಎನ್ನುವುದು ಹೆಚ್ಚಿನವರು ಒಪ್ಪುವ ಅಂದಾಜು. ಇಷ್ಟಾದ ಮೇಲೂ ಎರಡು ದೇಶಗಳ ನಡುವಿನ ಗಡಿ ಒಂದು ಗೇಣು ಸರಿಯಲಿಲ್ಲ.

ನಮ್ಮಲ್ಲಿ ಈ ಯುದ್ಧದ ಮಾತು ಬಂದರೆ ಎರಡೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಶಿಯಾ–ಸುನ್ನಿ ಜಗಳ ಎಂದೋ, ಎಣ್ಣೆಗಾಗಿ ಹೊಡೆದಾಟ ಎಂದೋ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡರಿಂದಲೂ ಯುದ್ಧ ಯಾಕೆ ಆ ವರ್ಷವೇ ಶುರುವಾಯಿತು, ಯಾಕೆ ಎರಡೇ ವರ್ಷಕ್ಕೆ ನಿಲ್ಲಲಿಲ್ಲ, ಅದು ಮುಗಿದ ಎರಡೇ ವರ್ಷಕ್ಕೆ ಇನ್ನೊಂದು ಯುದ್ಧ ಯಾಕೆ ಹುಟ್ಟಿತು ಎಂಬುದು ತಿಳಿಯುವುದಿಲ್ಲ. ಅದಕ್ಕೆ ಒಂದು ನದಿಯನ್ನೂ ಒಂದು ಸಾಲದ ಖಾತೆಯನ್ನೂ ನೋಡಬೇಕು. ಆ ಖಾತೆಯ ಕೊನೆಯ ಪುಟಗಳಲ್ಲಿ ಉಡುಪಿ, ಮಂಗಳೂರಿನ ಮನೆಗಳೂ ಇವೆ.

ನದಿಯಿಂದ ಶುರು ಮಾಡೋಣ. ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳು ಇರಾಕಿನ ಕುರ್ನಾ ಎಂಬಲ್ಲಿ ಕೂಡುತ್ತವೆ. ಅಲ್ಲಿಂದ ಸಮುದ್ರದವರೆಗಿನ ಸುಮಾರು 200 ಕಿಲೋಮೀಟರ್ ನೀರಿಗೆ ಅರಬರು ಶತ್ ಅಲ್ ಅರಬ್ ಎನ್ನುತ್ತಾರೆ, ಇರಾನಿಗಳು ಅರ್ವಂದ್ ರೂದ್ ಎನ್ನುತ್ತಾರೆ. ಕೆಳಗಿನ ಭಾಗದಲ್ಲಿ ಪಶ್ಚಿಮ ದಡ ಇರಾಕಿನದು, ಪೂರ್ವ ದಡ ಇರಾನಿನದು. ಇರಾಕಿನ ದೊಡ್ಡ ಬಂದರು ಬಸ್ರಾ ಇರುವುದು ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ಈ ನದಿಯ ಮೇಲೆ. ಇಡೀ ದೇಶಕ್ಕೆ ಇರುವ ಕರಾವಳಿ 60 ಕಿಲೋಮೀಟರಿಗೂ ಕಡಿಮೆ. ಇರಾನಿಗೆ ಕರಾವಳಿಯ ಕೊರತೆಯಿಲ್ಲ, ಆದರೆ ಅದರ ಅಬಾದಾನ್ ತೈಲ ಶುದ್ಧೀಕರಣ ಘಟಕ ಮತ್ತು ಖೊರಮ್‌ಶಹರ್ ಬಂದರು ಇದೇ ನದಿಯ ದಡದಲ್ಲಿವೆ. ಒಬ್ಬನಿಗೆ ಅದು ಗಂಟಲು, ಇನ್ನೊಬ್ಬನಿಗೆ ಮನೆ ಅಂಗಳ.

ಹಾಗಾದರೆ ಗಡಿ ಎಲ್ಲಿ? 1937ರ ಒಪ್ಪಂದದ ಪ್ರಕಾರ, ಅಬಾದಾನ್ ಮತ್ತು ಖೊರಮ್‌ಶಹರ್ ಎದುರಿನ ಸಣ್ಣ ತುಂಡುಗಳನ್ನು ಬಿಟ್ಟರೆ, ಗಡಿ ಇದ್ದದ್ದು ಇರಾನ್ ಕಡೆಯ ದಡದಲ್ಲಿ, ಇಳಿತದ ನೀರು ನಿಲ್ಲುವ ಅಂಚಿಗೆ. ಅಂದರೆ ಹೆಚ್ಚುಕಡಿಮೆ ಇಡೀ ನದಿ ಇರಾಕಿನದು. ಇರಾನಿನ ಬಂದರಿಗೆ ಹೋಗುವ ಹಡಗೂ ಇರಾಕಿಗೆ ಸುಂಕ ಕೊಡಬೇಕು, ನದಿಯಲ್ಲಿ ದಾರಿ ತೋರುವ ಇರಾಕಿನ ಪೈಲಟ್‌ನನ್ನು ಹತ್ತಿಸಿಕೊಳ್ಳಬೇಕು. ತನ್ನ ಮನೆ ಬಾಗಿಲಿಗೆ ಬರಲು ಪಕ್ಕದವನಿಗೆ ಕಾಸು ಕೊಡುವ ಸ್ಥಿತಿ. ಇರಾನ್ ಕೇಳುತ್ತಿದ್ದದ್ದು ತಾಲ್ವೆಗ್ ಗಡಿ.

ತಾಲ್ವೆಗ್ ಎಂದರೆ ನದಿಯ ನಡುಗೆರೆ ಅಲ್ಲ. ಹಾಗೆ ತಿಳಿಯುವವರೇ ಹೆಚ್ಚು. ಅದು ನದಿಯ ಅತಿ ಆಳದ ಜಾಡು, ದೊಡ್ಡ ಹಡಗು ಓಡಾಡಬಹುದಾದ ಕಾಲುವೆಯ ಗೆರೆ. ಅಳಿವೆ ದಾಟುವ ಮಲ್ಪೆ, ಮಂಗಳೂರಿನ ಬೋಟಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ನೀರು ಎಷ್ಟು ಅಗಲ ಇದ್ದರೂ ಬೋಟು ಹೋಗುವ ದಾರಿ ಒಂದೇ, ಅದು ಒಂದೊಂದು ಮಳೆಗಾಲ ಕಳೆದ ಮೇಲೆ ಒಂದೊಂದು ಕಡೆ ಇರುತ್ತದೆ. ಹೂಳು ಬಿದ್ದು ಆಳ ಒಂದು ದಡಕ್ಕೆ ಸರಿದರೆ ತಾಲ್ವೆಗ್ ಗಡಿಯೂ ಅದರ ಜೊತೆ ಸರಿಯುತ್ತದೆ. ಗಡಿ ಯಾವ ಕಡೆ ಹೋದರೂ ಹಡಗಿನ ದಾರಿ ಇಬ್ಬರಿಗೂ ಸಮ ಎನ್ನುವುದು ಆ ನಿಯಮದ ಹುರುಳು.

1969ರ ಏಪ್ರಿಲಿನಲ್ಲಿ ಇರಾನಿನ ಷಾ 1937ರ ಒಪ್ಪಂದ ತನಗೆ ಬೇಡವೆಂದು ಹೇಳಿ, ನೌಕಾಪಡೆಯ ಬೆಂಗಾವಲಿನಲ್ಲಿ ತನ್ನ ಹಡಗನ್ನು ಸುಂಕ ಕೊಡದೆ ನದಿಯಲ್ಲಿ ಸಾಗಿಸಿದ. ಇರಾಕ್ ಸುಮ್ಮನಿರಬೇಕಾಯಿತು, ಯಾಕೆಂದರೆ ಅದರ ಉತ್ತರದಲ್ಲಿ ಕುರ್ದರ ಬಂಡಾಯ ಉರಿಯುತ್ತಿತ್ತು. ಮುಂದೆ ಆ ಬಂಡಾಯಕ್ಕೆ ಷಾ ಹಣ, ಆಯುಧ ಎರಡನ್ನೂ ಕೊಡತೊಡಗಿದ. 1975ರ ಮಾರ್ಚ್ 6ರಂದು ಅಲ್ಜೀರಿಯದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ, ತೈಲ ದೇಶಗಳ ಸಭೆಯ ಬದಿಯಲ್ಲಿ, ಅಲ್ಜೀರಿಯದ ಅಧ್ಯಕ್ಷ ಬೂಮೆದಿಯನ್ ಮಧ್ಯಸ್ಥಿಕೆಯಲ್ಲಿ ಒಂದು ಕೊಡುಕೊಳ್ಳುವಿಕೆ ಕುದುರಿತು. ಇರಾಕ್ ತಾಲ್ವೆಗ್ ಗಡಿಯನ್ನು ಒಪ್ಪಿಕೊಂಡಿತು, ಇರಾನ್ ಕುರ್ದರ ಕೈಬಿಟ್ಟಿತು. ಕೆಲವೇ ವಾರಗಳಲ್ಲಿ ಕುರ್ದ್ ಬಂಡಾಯ ಕುಸಿದು ಬಿತ್ತು. ಇರಾಕ್ ಪರವಾಗಿ ಷಾ ಜೊತೆ ಕೈಕುಲುಕಿದವನು ಆಗಿನ್ನೂ ಉಪಾಧ್ಯಕ್ಷನಾಗಿದ್ದ ಸದ್ದಾಂ ಹುಸೇನ್. ಈ ವಿವರ ಮುಂದಿನದಕ್ಕೆಲ್ಲ ಮುಖ್ಯ. ಅರ್ಧ ನದಿಯನ್ನು ಬಿಟ್ಟುಕೊಟ್ಟ ಅವಮಾನ ಬೇರೆಯವನದಾಗಿರಲಿಲ್ಲ, ಅವನದೇ ಆಗಿತ್ತು.

1979ರಲ್ಲಿ ಎರಡೂ ಕಡೆ ಆಳುವವರು ಬದಲಾದರು. ಫೆಬ್ರವರಿಯಲ್ಲಿ ಇರಾನಿನಲ್ಲಿ ಖೊಮೇನಿಯ ಕ್ರಾಂತಿ ಗೆದ್ದಿತು, ಜುಲೈನಲ್ಲಿ ಸದ್ದಾಂ ಇರಾಕಿನ ಅಧ್ಯಕ್ಷನಾದ. ತೆಹರಾನಿನ ರೇಡಿಯೊ ಇರಾಕಿನ ಶಿಯಾಗಳನ್ನು ದಂಗೆ ಏಳಲು ಕರೆಯುತ್ತಿತ್ತು. ಇರಾಕ್ ಒಳಗೆ ಶಿಯಾ ಧರ್ಮಗುರು ಬಾಕಿರ್ ಅಲ್ ಸದ್ರ್‌ನನ್ನು 1980ರ ಏಪ್ರಿಲಿನಲ್ಲಿ ಕೊಲ್ಲಲಾಯಿತು. ಇನ್ನೊಂದೆಡೆ ಇರಾನಿನ ಸೈನ್ಯ ಒಳಗೊಳಗೇ ಟೊಳ್ಳಾಗಿತ್ತು. ಷಾ ಕಾಲದ ಸಾವಿರಾರು ಅಧಿಕಾರಿಗಳು ಗಲ್ಲಿಗೋ ಜೈಲಿಗೋ ಹೋಗಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು. 1979ರ ನವೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶ ಮಾಡಿಕೊಂಡ ಮೇಲೆ ಬಿಡಿಭಾಗಗಳೂ ನಿಂತವು. ಇರಾನಿನ ವಿಮಾನ, ಟ್ಯಾಂಕು, ಕ್ಷಿಪಣಿಗಳಲ್ಲಿ ಹೆಚ್ಚಿನವು ಅಮೆರಿಕ, ಬ್ರಿಟನ್ನಿನವು. ಬಗ್ದಾದಿನಿಂದ ನೋಡಿದವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಅನ್ನಿಸಿತು. ಸೆಪ್ಟೆಂಬರ್ 17ರಂದು ಸದ್ದಾಂ ಅಲ್ಜಿಯರ್ಸ್ ಒಪ್ಪಂದ ಇನ್ನಿಲ್ಲ ಎಂದು ಸಾರಿದ. ಐದು ದಿನಕ್ಕೆ ದಾಳಿ.

ಆ ಮೊದಲ ದಾಳಿ ಕೆಟ್ಟದ್ದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇರಾಕಿನವರ ಕಣ್ಣ ಮುಂದಿದ್ದದ್ದು 1967ರ ಇಸ್ರೇಲ್: ಬೆಳಗಿನ ಕೆಲವೇ ಗಂಟೆಗಳಲ್ಲಿ ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೇ ಸುಟ್ಟುಹಾಕಿದ ದಾಳಿ. ಆದರೆ ಅಂದು ಈಜಿಪ್ಟಿನ ವಿಮಾನಗಳು ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ಆ ಪಾಠ ಕಲಿತಿದ್ದ ಷಾ ತನ್ನ ವಿಮಾನಗಳಿಗೆ ದಪ್ಪ ಕಾಂಕ್ರೀಟಿನ ಗೂಡುಗಳನ್ನು ಕಟ್ಟಿಸಿದ್ದ. ಇರಾಕ್ ಒಂದೇ ಏಟಿಗೆ ಹತ್ತು ನೆಲೆಗಳ ಮೇಲೆ ಹೋದದ್ದರಿಂದ ಒಂದೊಂದಕ್ಕೆ ಸಿಕ್ಕ ವಿಮಾನಗಳು ಬೆರಳೆಣಿಕೆ. ಬಾಂಬುಗಳು ರನ್‌ವೇಯಲ್ಲಿ ಗುಂಡಿ ತೋಡಿದವು ನಿಜ. ರನ್‌ವೇಯ ಗುಂಡಿಗೆ ಜಲ್ಲಿ ತುಂಬಿ, ರೋಲರ್ ಓಡಿಸಿ, ಮೇಲುಹಾಸು ಹಾಕಿದರೆ ಕೆಲವು ಗಂಟೆಗಳಲ್ಲಿ ವಿಮಾನ ಏರಬಹುದು. ರಿಪೇರಿ ಮಾಡುವವರು ಹತ್ತಿರ ಬರದಂತೆ ತಡವಾಗಿ ಸಿಡಿಯುವ ಬಾಂಬು ಹಾಕಬೇಕು, ಮತ್ತೆ ಮತ್ತೆ ಬಂದು ಹೊಡೆಯಬೇಕು. ಅಂಥ ಒತ್ತಡ ಇರಾಕಿನಿಂದ ಬರಲಿಲ್ಲ. ಮರುದಿನ ಬೆಳಿಗ್ಗೆ ಇರಾನ್ ಸುಮಾರು 140 ವಿಮಾನಗಳನ್ನು ಇರಾಕಿನ ಮೇಲೆ ಕಳಿಸಿತು. ಮುರಿದುಬಿದ್ದಿದೆ ಎಂದುಕೊಂಡಿದ್ದ ವಾಯುಪಡೆ ಅದು.

ನೆಲದ ಮೇಲೂ ಅದೇ ಕಥೆ. ಇರಾಕಿನ ಟ್ಯಾಂಕುಗಳು ಗಡಿ ದಾಟಿದವು, ಒಂದು ವಾರದೊಳಗೆ ನಿಂತವು. ಸದ್ದಾಂ ಎಣಿಸಿದ್ದು ಇಷ್ಟೇ: ಹೊಡೆತ ಬಿದ್ದೊಡನೆ ತೆಹರಾನ್ ಮಾತುಕತೆಗೆ ಬರುತ್ತದೆ, ತೈಲ ಪ್ರಾಂತ್ಯ ಖೂಜೆಸ್ತಾನದ ಅರಬರು ತನ್ನನ್ನು ಬಿಡುಗಡೆ ಮಾಡಿದವನೆಂದು ಸ್ವಾಗತಿಸುತ್ತಾರೆ. ತೆಹರಾನ್ ಬರಲಿಲ್ಲ. ಖೂಜೆಸ್ತಾನದ ಅರಬರು ಏಳಲಿಲ್ಲ, ಅವರಲ್ಲಿ ಬಹಳ ಮಂದಿ ಇರಾನ್ ಪರವಾಗಿಯೇ ಕಾದಾಡಿದರು. ಮುಂದೆ ಖೊಮೇನಿಯೂ ಇದೇ ತಪ್ಪನ್ನು ತಿರುಗುಮುರುಗಾಗಿ ಮಾಡಿದ. ಬಸ್ರಾದ ಶಿಯಾಗಳು ತನಗಾಗಿ ದಂಗೆ ಏಳುತ್ತಾರೆಂದು ನಂಬಿದ. ಅವರೂ ಏಳಲಿಲ್ಲ, ಇರಾಕಿನ ಕಾಲಾಳುಗಳಲ್ಲಿ ಹೆಚ್ಚಿನವರು ಶಿಯಾಗಳೇ ಆಗಿದ್ದರು. ಇದು ಬರೀ ಮತದ ಯುದ್ಧ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಖೊರಮ್‌ಶಹರ್ ಹಿಡಿಯಲು ಇರಾಕಿಗೆ ಒಂದು ತಿಂಗಳು ಬೇಕಾಯಿತು. ಗಲ್ಲಿ ಗಲ್ಲಿಗೆ ಟ್ಯಾಂಕು ನುಗ್ಗಿಸಿದರೆ ಮಾಳಿಗೆಯ ಮೇಲಿಂದ ಪೆಟ್ರೋಲ್ ಸೀಸೆ, ರಾಕೆಟ್ ಬೀಳುತ್ತಿತ್ತು, ಜೊತೆಯಲ್ಲಿ ನಡೆಯಬೇಕಾದ ಕಾಲಾಳುಗಳು ಸಾಕಷ್ಟಿರಲಿಲ್ಲ. ಇರಾನಿಗಳು ಊರಿನ ಹೆಸರನ್ನೇ ಬದಲಿಸಿ ಖೂನಿನ್‌ಶಹರ್, ನೆತ್ತರ ಊರು, ಎಂದು ಕರೆದರು. ಪಕ್ಕದ ಅಬಾದಾನ್ ಮುತ್ತಿಗೆಗೆ ಸಿಕ್ಕಿತು, ಸೋಲಲಿಲ್ಲ. ಯಾವ ನದಿಗಾಗಿ ಇಷ್ಟೆಲ್ಲ ನಡೆಯಿತೋ ಆ ನದಿಯಲ್ಲಿ ಮೊದಲ ದಿನಗಳಲ್ಲೇ ಎಪ್ಪತ್ತರಷ್ಟು ವಿದೇಶಿ ಹಡಗುಗಳು ಸಿಕ್ಕಿಬಿದ್ದವು, ಸಂಚಾರ ಪೂರ್ತಿ ನಿಂತಿತು. ಯುದ್ಧ ಮುಗಿಯುವವರೆಗೂ ಆ ದಾರಿ ಇಬ್ಬರಿಗೂ ಇರಲಿಲ್ಲ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೆಪ್ಟೆಂಬರ್ 28ರಂದು 479ನೇ ನಿರ್ಣಯ ಮಾಡಿತು. ಬಲಪ್ರಯೋಗ ನಿಲ್ಲಿಸಿ ಎಂದಿತು. ಗಡಿಗೆ ಹಿಂದಿರುಗಿ ಎನ್ನಲಿಲ್ಲ. ಇರಾಕಿನ ಸೈನ್ಯ ಇರಾನಿನ ನೆಲದಲ್ಲಿ ನಿಂತಿದ್ದಾಗ ಇದ್ದಲ್ಲೇ ನಿಲ್ಲಿ ಎಂದರೆ ಕಬಳಿಸಿದವನಿಗೆ ಕಬಳಿಸಿದ್ದು ಉಳಿಯಲಿ ಎಂದಂತೆ. ಆಮೇಲೆ ಏಳು ವರ್ಷ ಇರಾನ್ ಆ ಮಂಡಳಿಯ ಮಾತನ್ನು ನಂಬಲಿಲ್ಲ. ಒಂದು ವಾಕ್ಯ ಬಿಟ್ಟುಹೋದದ್ದಕ್ಕೆ ತೆತ್ತ ಬೆಲೆ ಅದು.

1982ರ ಮೇ 24ರಂದು ಇರಾನ್ ಖೊರಮ್‌ಶಹರನ್ನು ಬಿಡಿಸಿಕೊಂಡಿತು, ಸುಮಾರು 19,000 ಇರಾಕಿ ಸೈನಿಕರು ಸೆರೆಸಿಕ್ಕರು. ಜೂನ್ ತಿಂಗಳಲ್ಲಿ ಸದ್ದಾಂ ಏಕಪಕ್ಷೀಯ ಕದನವಿರಾಮ ಸಾರಿ, ಇರಾನಿನ ನೆಲದಿಂದ ಸೈನ್ಯವನ್ನು ಹಿಂದೆ ಕರೆಸಿಕೊಳ್ಳುವುದಾಗಿ ಹೇಳಿದ. ಯುದ್ಧ ಇಲ್ಲಿಗೆ ಮುಗಿಯಬಹುದಿತ್ತು. ಇರಾನ್ ತನ್ನ ನೆಲವನ್ನು ಬಹುಪಾಲು ಪಡೆದಿತ್ತು, ಮಾನವೂ ಉಳಿದಿತ್ತು. ಆದರೆ ತೆಹರಾನ್ ಸದ್ದಾಂ ಇಳಿಯಬೇಕು ಎಂದಿತು, ಹತ್ತು ಸಾವಿರ ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೇಳಿತು. ಜುಲೈನಲ್ಲಿ ಅದರ ಸೈನ್ಯ ಗಡಿ ದಾಟಿ ಬಸ್ರಾ ಕಡೆಗೆ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಈ ತೀರ್ಮಾನದ ನಂತರ. ಯುದ್ಧ ಶುರು ಮಾಡಿದ ಹೊಣೆ ಬಗ್ದಾದಿನದು. ಅದನ್ನು ಇನ್ನೂ ಆರು ವರ್ಷ ಎಳೆದ ಹೊಣೆಯಲ್ಲಿ ದೊಡ್ಡ ಪಾಲು ತೆಹರಾನಿನದು. ಕಾರಣ ಹುಡುಕುವಾಗ ನಾವು ಮೊದಲ ಗುಂಡಿನ ದಿನವನ್ನೇ ಹಿಡಿದು ಕೂರುತ್ತೇವೆ, ನಿಲ್ಲಿಸಬಹುದಾಗಿದ್ದ ದಿನವನ್ನು ಯಾರೂ ನೆನಪಿಡುವುದಿಲ್ಲ.

1982ರಿಂದ 87ರವರೆಗಿನ ಕಾದಾಟ ಮೊದಲನೇ ಮಹಾಯುದ್ಧದಂತೆ ಕಂದಕದಲ್ಲಿ ನಡೆದದ್ದು. ಇರಾಕ್ ಬಸ್ರಾದ ಪೂರ್ವಕ್ಕೆ ಮಣ್ಣಿನ ಏರಿ, ಮುಳ್ಳುತಂತಿ, ನೆಲಬಾಂಬುಗಳ ಸಾಲು ಕಟ್ಟಿ, ತಗ್ಗಿಗೆ ನೀರು ತುಂಬಿಸಿ ಕೆರೆಯನ್ನೇ ಮಾಡಿತು. ಇರಾನಿನ ಬಸೀಜ್ ಸ್ವಯಂಸೇವಕರು, ಅವರಲ್ಲಿ ಹದಿಹರೆಯದ ಹುಡುಗರೂ ಬಹಳ, ಅಲೆ ಅಲೆಯಾಗಿ ಅದರ ಮೇಲೆ ಹೋದರು. 1986ರ ಫೆಬ್ರವರಿಯಲ್ಲಿ ಅಳಿವೆಯ ಫಾವ್ ಪರ್ಯಾಯದ್ವೀಪವನ್ನು ಇರಾನ್ ರಾತ್ರೋರಾತ್ರಿ ನದಿ ದಾಟಿ ಹಿಡಿದದ್ದು ಆ ವರ್ಷಗಳ ದೊಡ್ಡ ಗೆಲುವು. ಬಸ್ರಾ ಮಾತ್ರ ಸಿಗಲಿಲ್ಲ.

ಅಲೆಗಳನ್ನು ತಡೆಯಲು ಇರಾಕ್ ಬಳಸಿದ್ದು ರಾಸಾಯನಿಕ ಅಸ್ತ್ರ. 1983ರಿಂದ ಸಾಸಿವೆ ಅನಿಲ, 1984ರಲ್ಲಿ ನರಗಳಿಗೆ ಹೊಡೆಯುವ ತಬುನ್. ಅನಿಲ ಎಂದು ಕರೆದರೂ ಸಾಸಿವೆ ಅನಿಲ ಎಣ್ಣೆಯಂಥ ದ್ರವ. ಸಿಡಿದಾಗ ಸಣ್ಣ ಹನಿಗಳಾಗಿ ಬೀಳುತ್ತದೆ, ಅದರ ಆವಿ ಗಾಳಿಗಿಂತ ಭಾರ, ಹಾಗಾಗಿ ಜನ ಅಡಗಿ ಕುಳಿತ ಕಂದಕದೊಳಕ್ಕೇ ಇಳಿಯುತ್ತದೆ. ಮೈಗೆ ತಾಗಿದ ಗಳಿಗೆಯಲ್ಲಿ ನೋವೇ ಇಲ್ಲ. ಹಲವು ಗಂಟೆ ಕಳೆದ ಮೇಲೆ ಕಣ್ಣು ಉರಿದು ಮುಚ್ಚಿಕೊಳ್ಳುತ್ತದೆ, ಕಂಕುಳು, ತೊಡೆಸಂದಿಯಂಥ ಬೆವರಿನ ಜಾಗಗಳಲ್ಲಿ ಬೊಬ್ಬೆ ಏಳುತ್ತದೆ, ಉಸಿರುನಾಳದ ಒಳಪೊರೆ ಸುಲಿಯುತ್ತದೆ. ನೋವು ಗೊತ್ತಾಗುವ ಹೊತ್ತಿಗೆ ಬಟ್ಟೆ ಬಿಚ್ಚಿ ಮೈ ತೊಳೆಯಬೇಕಾಗಿದ್ದ ಮೊದಲ ನಿಮಿಷಗಳು ಎಂದೋ ಕಳೆದಿರುತ್ತವೆ. ಗಡ್ಡ ಬಿಟ್ಟ ಇರಾನಿ ಸೈನಿಕರಿಗೆ ಮುಖವಾಡದ ರಬ್ಬರ್ ಅಂಚು ಕೆನ್ನೆಗೆ ಅಂಟಿ ಕೂರುತ್ತಿರಲಿಲ್ಲ, ಆ ಸಂದಿನಿಂದಲೇ ವಿಷ ಒಳಹೋಗುತ್ತಿತ್ತು. ಬದುಕಿ ಉಳಿದವರು ಇಂದಿಗೂ ಇರಾನಿನ ಆಸ್ಪತ್ರೆಗಳಲ್ಲಿ ಆಮ್ಲಜನಕದ ಸಿಲಿಂಡರಿನ ಪಕ್ಕ ಮಲಗಿದ್ದಾರೆ.

ವಿಶ್ವಸಂಸ್ಥೆಯ ತಜ್ಞರ ತಂಡ 1984ರ ಮಾರ್ಚಿನಲ್ಲೇ ಇದನ್ನು ದೃಢಪಡಿಸಿತ್ತು. ಆದರೂ ಇರಾಕಿಗೆ ಕಚ್ಚಾವಸ್ತು ಹೋಗುವುದು ಪೂರ್ತಿ ನಿಲ್ಲಲಿಲ್ಲ, ಶಿಕ್ಷೆಯೂ ಆಗಲಿಲ್ಲ. ದಂಡ ಇಲ್ಲದ ತಪ್ಪು ಬೆಳೆಯುತ್ತದೆ. 1987ರ ಜೂನ್ 28ರಂದು ಇರಾನಿನ ಸರ್ದಶ್ತ್ ಊರಿನ ಮೇಲೆ ಅದೇ ವಿಷ ಬಿತ್ತು. 1988ರ ಮಾರ್ಚ್ 16ರಂದು ಇರಾಕ್ ತನ್ನದೇ ದೇಶದ ಕುರ್ದ್ ಪಟ್ಟಣ ಹಲಬ್ಜಾದ ಮೇಲೆ ಹಾಕಿತು. ಸತ್ತವರು 5,000ದ ಆಸುಪಾಸು, ಹೆಚ್ಚಿನವರು ಹೆಂಗಸರು, ಮಕ್ಕಳು.

ಇನ್ನು ಹಣದ ಕಡೆ ಬರೋಣ. ನನ್ನ ಮಟ್ಟಿಗೆ ಈ ಯುದ್ಧದ ತಿರುಳು ಇರುವುದು ಇಲ್ಲಿ. ಯುದ್ಧ ಶುರುವಾದಾಗ ಇರಾಕಿನ ಬೊಕ್ಕಸದಲ್ಲಿ ಸುಮಾರು 3,500 ಕೋಟಿ ಡಾಲರ್ ವಿದೇಶಿ ವಿನಿಮಯ ಇತ್ತು, ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಮಾರುತ್ತಿತ್ತು. 1980ರ ನವೆಂಬರಿನಲ್ಲಿ ಇರಾನ್ ಅದರ ಸಮುದ್ರದ ಎಣ್ಣೆ ಕಟ್ಟೆಗಳನ್ನು ಒಡೆದು ಹಾಕಿತು. 1982ರ ಏಪ್ರಿಲಿನಲ್ಲಿ ಇರಾನಿನ ಗೆಳೆಯ ಸಿರಿಯಾ ತನ್ನ ನೆಲದ ಮೇಲೆ ಹಾಯುವ ಕೊಳವೆಯನ್ನು ಮುಚ್ಚಿತು. ಉಳಿದದ್ದು ಟರ್ಕಿಯ ಕೊಳವೆ ಒಂದೇ, ಮಾರಾಟ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ಗಿಂತ ಕೆಳಗಿಳಿಯಿತು. ಯುದ್ಧದ ಖರ್ಚಿಗೆ ಸೌದಿ, ಕುವೈತ್ ಮತ್ತಿತರ ಕೊಲ್ಲಿ ದೇಶಗಳು ಹಣ ಕೊಟ್ಟವು. ಅದು ಸಾಲವೋ ಸಹಾಯವೋ ಎಂಬುದನ್ನು ಆಗ ಯಾರೂ ಬಿಡಿಸಿ ಮಾತಾಡಲಿಲ್ಲ. ಯುದ್ಧ ಮುಗಿದಾಗ ಇರಾಕಿನ ಮೇಲಿದ್ದ ಸಾಲ ಸುಮಾರು 8,000 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈ ನೆರೆಹೊರೆಯದು.

ತನ್ನ ಎಣ್ಣೆ ಹೊರಡದಿದ್ದಾಗ ಶತ್ರುವಿನದೂ ಹೊರಡಬಾರದೆಂದು ಇರಾಕ್ ಇರಾನಿನ ಖಾರ್ಗ್ ದ್ವೀಪಕ್ಕೆ ಬರುವ ಟ್ಯಾಂಕರ್‌ಗಳ ಮೇಲೆ ಬಿತ್ತು, 1984ರಿಂದ ಜೋರಾಗಿ. ಇರಾನ್ ಎದುರೇಟಾಗಿ ಕುವೈತ್, ಸೌದಿಯ ಎಣ್ಣೆ ಹೊರುವ ಹಡಗುಗಳಿಗೆ ಹೊಡೆಯಿತು. ಕುವೈತ್ ತನ್ನ 11 ಟ್ಯಾಂಕರ್‌ಗಳಿಗೆ ಅಮೆರಿಕದ ಬಾವುಟ ಕಟ್ಟಿಸಿಕೊಂಡಿತು, ಕಾವಲಿಗೆ ಅಮೆರಿಕದ ಯುದ್ಧನೌಕೆಗಳು ಬಂದವು. ಮೊದಲ ಬೆಂಗಾವಲಿನಲ್ಲೇ, 1987ರ ಜುಲೈ 24ರಂದು, ಬ್ರಿಜ್‌ಟನ್ ಎಂಬ ಟ್ಯಾಂಕರ್ ನೀರಬಾಂಬಿಗೆ ತಾಗಿತು. ಆಮೇಲೆ ಕಾವಲಿನ ಯುದ್ಧನೌಕೆಗಳೇ ಗಟ್ಟಿ ಒಡಲಿನ ಆ ದೊಡ್ಡ ಟ್ಯಾಂಕರಿನ ಹಿಂದೆ ಸಾಲಾಗಿ ಸಾಗಬೇಕಾಯಿತು.

ಈ ಇಕ್ಕಟ್ಟಿನ ನೀರಿನಲ್ಲಿ 1988ರ ಜುಲೈ 3 ಬಂತು. ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655, ಅರ್ಧ ಗಂಟೆಯೂ ಬೇಡದ ಹಾರಾಟ. ಹೊರಟದ್ದು ಹೊತ್ತು ಮೀರಿ. ಬಂದರ್ ಅಬ್ಬಾಸ್ ನಿಲ್ದಾಣವನ್ನು ನಾಗರಿಕ ವಿಮಾನಗಳ ಜೊತೆ ಯುದ್ಧವಿಮಾನಗಳೂ ಬಳಸುತ್ತಿದ್ದವು. ಕೆಳಗೆ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಸಣ್ಣ ದೋಣಿಗಳ ಜೊತೆ ಕಾದಾಡುತ್ತಾ ಇರಾನಿನ ಜಲಗಡಿಯೊಳಗೇ ಹೋಗಿತ್ತು. ನೌಕೆಯಿಂದ ಹೊರಟ ಎಚ್ಚರಿಕೆಗಳಲ್ಲಿ ಹೆಚ್ಚಿನವು ಮಿಲಿಟರಿ ತರಂಗಾಂತರದಲ್ಲಿದ್ದವು. ಪ್ರಯಾಣಿಕ ವಿಮಾನದಲ್ಲಿ ಅದನ್ನು ಕೇಳುವ ರೇಡಿಯೊ ಇರುವುದಿಲ್ಲ. ನಾಗರಿಕ ತರಂಗಾಂತರದ ಕರೆಗಳಲ್ಲೂ ಯಾವ ವಿಮಾನ ಎಂದು ಗುರುತು ಹಿಡಿದು ಹೇಳಿರಲಿಲ್ಲ. ವಿಮಾನ ಇಳಿಯುತ್ತಾ ತಮ್ಮ ಮೇಲೆ ಬರುತ್ತಿದೆ ಎಂದು ನೌಕೆಯವರು ಕೂಗಿ ಹೇಳಿದರು. ಅದೇ ನೌಕೆಯ ಕಂಪ್ಯೂಟರ್ ದಾಖಲೆ ಆಮೇಲೆ ನೋಡಿದರೆ ವಿಮಾನ ಏರುತ್ತಲೇ ಇತ್ತು. ಯಂತ್ರ ಸರಿಯಾಗಿಯೇ ತೋರಿಸಿತ್ತು, ಹೆದರಿದ ಕಣ್ಣು ಬೇರೆಯದನ್ನು ಓದಿತು. ಎರಡು ಕ್ಷಿಪಣಿ, 290 ಸಾವು. ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರು. 1996ರಲ್ಲಿ ಅಮೆರಿಕ ಸತ್ತ ಇರಾನಿಗಳ ಕುಟುಂಬಗಳಿಗೆಂದು 6.18 ಕೋಟಿ ಡಾಲರ್ ಕೊಡಲು ಒಪ್ಪಿತು.

ಅಷ್ಟರಲ್ಲಿ ಇರಾನ್ ಸೋತು ಸುಣ್ಣವಾಗಿತ್ತು. ಇರಾಕ್ ಸ್ಕಡ್ ಕ್ಷಿಪಣಿಯ ಸಿಡಿತಲೆಯ ತೂಕವನ್ನು ಸುಮಾರು ಅರ್ಧಕ್ಕಿಳಿಸಿ, ಇಂಧನದ ಟ್ಯಾಂಕನ್ನು ಉದ್ದ ಮಾಡಿ, 300 ಕಿಲೋಮೀಟರ್ ಹೋಗುತ್ತಿದ್ದುದನ್ನು 600 ದಾಟುವಂತೆ ಮಾಡಿಕೊಂಡಿತ್ತು. ಆ ವಸಂತದಲ್ಲಿ ತೆಹರಾನ್ ಮೇಲೆ ಅವು ಬೀಳತೊಡಗಿ ಲಕ್ಷಾಂತರ ಜನ ಊರು ಬಿಟ್ಟರು. ಏಪ್ರಿಲಿನಲ್ಲಿ ಇರಾಕ್ ಫಾವ್ ಅನ್ನು ಎರಡೇ ದಿನದಲ್ಲಿ ವಾಪಸ್ ಪಡೆಯಿತು. ಇರಾನ್ ಎರಡು ವರ್ಷ ಹಿಡಿದಿದ್ದ ಜಾಗ ಅದು. ಜುಲೈ 20ರಂದು, ಕದನವಿರಾಮ ಕೇಳಿದ್ದ ಭದ್ರತಾ ಮಂಡಳಿಯ 598ನೇ ನಿರ್ಣಯಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಖೊಮೇನಿಯ ಹೇಳಿಕೆ ಹೊರಬಿತ್ತು. ಅದನ್ನು ಒಪ್ಪುವುದು ವಿಷ ಕುಡಿದಂತೆ ಎಂದ, ಒಪ್ಪಿದ. ಈ ನಿರ್ಣಯದಲ್ಲಿ ಅಂತರರಾಷ್ಟ್ರೀಯ ಗಡಿಗೆ ಹಿಂದಿರುಗಿ ಎಂಬ ಮಾತು ಇತ್ತು, 1980ರಲ್ಲಿ ಬಿಟ್ಟುಹೋಗಿದ್ದ ಅದೇ ಮಾತು. ಕದನವಿರಾಮ ಕಾಯಲು ಬಂದ ವಿಶ್ವಸಂಸ್ಥೆಯ ವೀಕ್ಷಕರಲ್ಲಿ ಭಾರತೀಯ ಸೇನಾಧಿಕಾರಿಗಳೂ ಇದ್ದರು.

ಗುಂಡು ನಿಂತರೂ ಸಾಲ ನಿಲ್ಲಲಿಲ್ಲ. ಕೊಲ್ಲಿಯ ಅರಬರನ್ನೆಲ್ಲ ಇರಾನಿನಿಂದ ಕಾಪಾಡಿದವನು ನಾನು, ಸಾಲ ಮನ್ನಾ ಮಾಡಿ ಎಂದ ಸದ್ದಾಂ. ಕುವೈತ್ ಒಪ್ಪಲಿಲ್ಲ. ಅದರ ಮೇಲೆ ಕುವೈತ್ ತನ್ನ ಪಾಲಿಗಿಂತ ಹೆಚ್ಚು ಎಣ್ಣೆ ತೆಗೆದು ದರ ಬೀಳಿಸುತ್ತಿದೆ, ಗಡಿಯ ರುಮೈಲಾ ಬಾವಿಗಳಿಂದ ನಮ್ಮ ಎಣ್ಣೆ ಕದಿಯುತ್ತಿದೆ ಎಂದು 1990ರ ಜುಲೈನಲ್ಲಿ ಇರಾಕ್ ದೂರಿತು. ಬ್ಯಾರೆಲ್ಲಿಗೆ ಒಂದು ಡಾಲರ್ ಇಳಿದರೆ ವರ್ಷಕ್ಕೆ ನೂರು ಕೋಟಿ ಡಾಲರ್ ನಷ್ಟ ಎಂಬುದು ಬಗ್ದಾದ್ ಒಪ್ಪಿಸಿದ ಲೆಕ್ಕ. ಹೊತ್ತ ಸಾಲವನ್ನು ತೀರಿಸುವ ದಾರಿಯಾಗಿ ಸಾಲ ಕೊಟ್ಟವನ ಮನೆಯನ್ನೇ ನುಂಗಿದ. ಆಗಸ್ಟ್ 2ರಂದು ಕುವೈತ್ ಬಿತ್ತು.

ಎರಡು ವಾರ ಕಳೆಯುವುದರೊಳಗೆ, ಬೆನ್ನ ಹಿಂದೆ ಇರಾನ್ ಸುಮ್ಮನಿರಲಿ ಎಂದು, ಸದ್ದಾಂ ತೆಹರಾನಿಗೆ ಪತ್ರ ಬರೆದ. 1975ರ ಅಲ್ಜಿಯರ್ಸ್ ಒಪ್ಪಂದದ ಗಡಿಯನ್ನೇ ಒಪ್ಪುತ್ತೇನೆ, ಉಳಿದ ನೆಲದಿಂದ ಸೈನ್ಯ ಹಿಂತೆಗೆಯುತ್ತೇನೆ, ಕೈದಿಗಳನ್ನು ಬಿಡುತ್ತೇನೆ. ಎಂಟು ವರ್ಷ ಯಾವುದಕ್ಕಾಗಿ ಕಾದಾಡಿದನೋ ಅದನ್ನು ಒಂದೇ ಪತ್ರದಲ್ಲಿ ಬಿಟ್ಟುಕೊಟ್ಟ. ಖೊರಮ್‌ಶಹರಿನಲ್ಲಿ, ಬಸ್ರಾದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಆ ಸುದ್ದಿಯನ್ನು ಹೇಗೆ ಕೇಳಿಸಿಕೊಂಡಿರಬೇಕು ಎಂದು ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ.

ಕುವೈತಿನಲ್ಲಿ ಆಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಕೇರಳದವರ ಜೊತೆಗೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕಡಲ ಬದಿಯವರೂ ಇದ್ದರು: ಹೋಟೆಲು, ಆಸ್ಪತ್ರೆ, ಎಣ್ಣೆ ಕಂಪನಿ, ಮನೆಗೆಲಸ. ಕುವೈತಿನಿಂದ ಬಗ್ದಾದ್, ಅಲ್ಲಿಂದ ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್, ಅದೂ ಬಸ್ಸಿನಲ್ಲಿ. ಅಮ್ಮಾನಿನಿಂದ ಏರ್ ಇಂಡಿಯಾ ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಂದಿತು. ಕೈಯಲ್ಲಿದ್ದ ಕುವೈತಿ ದಿನಾರ್ ಆ ವೇಳೆಗೆ ಬೆಲೆ ಕಳೆದುಕೊಂಡಿತ್ತು. ಇರಾಕ್ ಅದನ್ನು ತನ್ನ ದಿನಾರಿಗೆ ಸಮ ಮಾಡಿ, ಆಮೇಲೆ ಚಲಾವಣೆಯಿಂದಲೇ ತೆಗೆದುಹಾಕಿತು. ಹತ್ತು ವರ್ಷ ದುಡಿದವರು ಒಂದು ಚೀಲದೊಂದಿಗೆ ಬಂದಿಳಿದರು.

ಇತ್ತ ಕಚ್ಚಾ ತೈಲದ ದರ ಅಕ್ಟೋಬರಿನಲ್ಲಿ ಬ್ಯಾರೆಲ್ಲಿಗೆ 40 ಡಾಲರ್ ದಾಟಿತು. ಭಾರತದ ಬೊಕ್ಕಸ ಅದಕ್ಕೂ ಮೊದಲೇ ಬರಿದಾಗುತ್ತಾ ಬಂದಿತ್ತು. ಎಂಬತ್ತರ ದಶಕದ ಕೊರತೆ ಬಜೆಟ್ಟು, ಅಲ್ಪಾವಧಿ ಸಾಲ ಅದಕ್ಕೆ ಮೂಲ. ಎಲ್ಲವನ್ನೂ ಸದ್ದಾಂ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಎಣ್ಣೆಯ ಬಿಲ್ಲು ಏರಿತು, ಕುವೈತ್, ಇರಾಕಿನಿಂದ ಬರುತ್ತಿದ್ದ ಹಣ ನಿಂತಿತು, ಅನಿವಾಸಿ ಭಾರತೀಯರು ಠೇವಣಿ ತೆಗೆಯತೊಡಗಿದರು. ಮೂರೂ ಒಟ್ಟಿಗೆ ಬಂದದ್ದು ಗಾಯದ ಮೇಲೆ ಬರೆ. 1991ರ ಮೇ ತಿಂಗಳಲ್ಲಿ 20 ಟನ್ ಚಿನ್ನ ಹೊರಹೋಯಿತು, ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಇನ್ನೂ 46.91 ಟನ್ ಬ್ರಿಟನ್, ಜಪಾನಿನ ಬ್ಯಾಂಕುಗಳಿಗೆ ಅಡವು ಬಿತ್ತು. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಲಾಯಿತು.

ಕುವೈತ್ ಬಿಟ್ಟು ಬಂದವರಿಗೆ ಮುಂದೆ ಒಂದಿಷ್ಟು ಸಿಕ್ಕಿತು. ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗ ಮಾಡಿ, ಇರಾಕಿನ ಎಣ್ಣೆ ಆದಾಯದಿಂದ ಒಂದು ಪಾಲು ಹಿಡಿಯುವ ವ್ಯವಸ್ಥೆ ಮಾಡಿತು. ಊರು ಬಿಡಬೇಕಾಗಿ ಬಂದ ಒಬ್ಬೊಬ್ಬರಿಗೆ 2,500 ಡಾಲರ್, ಒಂದು ಕುಟುಂಬಕ್ಕೆ 5,000 ಡಾಲರ್ ನಿಗದಿ. ಬೇರೆ ಯಾವ ವರ್ಗದಲ್ಲೂ ಕ್ಲೇಮು ಹಾಕುವುದಿಲ್ಲ ಎಂದು ಬರೆದುಕೊಟ್ಟರೆ 4,000 ಮತ್ತು 8,000. ಅರ್ಜಿ ಹೋದದ್ದು ಸರ್ಕಾರಗಳ ಮೂಲಕ. ಆಸ್ತಿ, ಬ್ಯಾಂಕ್ ಖಾತೆ, ಕಂಪನಿಯ ನಷ್ಟಕ್ಕೆ ಬೇರೆ ವರ್ಗಗಳಿದ್ದವು, ಅವುಗಳಿಗೆ ಕಾಗದಪತ್ರ ಬೇಕು. ಚೀಲ ಒಂದನ್ನೇ ಹಿಡಿದು ಓಡಿ ಬಂದವರ ಬಳಿ ಕಾಗದ ಎಲ್ಲಿಂದ ಬರಬೇಕು? ಒಟ್ಟು 5,240 ಕೋಟಿ ಡಾಲರ್ ಕೊಟ್ಟು ಮುಗಿದದ್ದು 2022ರ ಜನವರಿಯಲ್ಲಿ. 1990ರಲ್ಲಿ ಹುಟ್ಟಿಯೂ ಇರದಿದ್ದ ಇರಾಕಿಗಳು ಅದನ್ನು ತೀರಿಸಿದರು.

ಆ ನದಿ ಈಗ ಹೇಗಿದೆ? ಯುದ್ಧದಲ್ಲಿ ಮುಳುಗಿದ ಹಡಗುಗಳು ದಶಕಗಳ ಕಾಲ ತಳದಲ್ಲೇ ಉಳಿದವು, ಅವುಗಳ ಸುತ್ತ ಹೂಳು ಕಟ್ಟಿತು. ಮೇಲಿನ ಅಣೆಕಟ್ಟುಗಳಿಂದಾಗಿ ಸಿಹಿನೀರು ಕಡಿಮೆಯಾಗಿ ಕೊಲ್ಲಿಯ ಉಪ್ಪು ನೀರು ಬಸ್ರಾದವರೆಗೆ ಏರಿ ಬರುತ್ತದೆ. 2018ರ ಬೇಸಿಗೆಯಲ್ಲಿ ಅಲ್ಲಿನ ನೀರು ಕುಡಿದು ಒಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದಡದ ಖರ್ಜೂರದ ತೋಟಗಳಲ್ಲಿ ಒಂದಷ್ಟನ್ನು ಯುದ್ಧಕಾಲದಲ್ಲಿ ಶತ್ರು ಅಡಗಬಾರದೆಂದು ಕಡಿದರು, ಒಂದಷ್ಟು ಫಿರಂಗಿಯ ಬಾಯಿಗೆ ಹೋದವು, ಉಳಿದವು ಈಗ ಉಪ್ಪಿಗೆ ಸಾಯುತ್ತಿವೆ. 2019ರ ಮಾರ್ಚಿನಲ್ಲಿ ಇರಾನಿನ ಅಧ್ಯಕ್ಷ ರೌಹಾನಿ ಬಗ್ದಾದಿಗೆ ಹೋದಾಗ ಎರಡೂ ದೇಶಗಳು ಜಂಟಿ ಹೇಳಿಕೆ ಕೊಟ್ಟವು: ಹೂಳು ತೆಗೆದು ನದಿಯ ಹಡಗಿನ ದಾರಿಯನ್ನು ಮೊದಲಿನಂತೆ ಮಾಡೋಣ, 1975ರ ಒಪ್ಪಂದ ಹೇಳಿದ ತಾಲ್ವೆಗ್ ಗೆರೆಯಂತೆ.